ಮರುರಚನೆಯ ನಿರೀಕ್ಷೆ ಮತ್ತು ಮೊದಲ ಪಾಠದ ಪ್ರಶ್ನೆ: ‘ದಿ ಬೈಂಡಿಂಗ್ ಆಫ್ ಐಸಾಕ್’ ಆಟವನ್ನು ಕುರಿತು

೧

ಈಗಾಗಲೇ ಓದಿ ಮೆಚ್ಚಿದ ಕೃತಿಯೊಂದು ಮತ್ತೆ ರಚನೆಯಾಗಲಿದೆ ಎಂದು ತಿಳಿದಾಗ ಓದುಗರಲ್ಲಿ ಹುಟ್ಟುವ ನಿರೀಕ್ಷೆಯ ಸ್ವರೂಪವೇನು? ಹೊಸ ಕೃತಿಗಾಗಿ ಕಾಯುವುದಕ್ಕೂ ಹಳೆಯ ಕೃತಿಯ ಹೊಸ ರೂಪಕ್ಕಾಗಿ ಕಾಯುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕುತೂಹಲವೇ ಪ್ರಧಾನ. ಎರಡನೆಯದರಲ್ಲಿ ಕುತೂಹಲದ ಜೊತೆಗೆ ಆತಂಕವೂ ಬೆರೆತಿರುತ್ತದೆ. ಮೆಚ್ಚಿದ ಗುಣ ಉಳಿದೀತೇ, ಕೊರತೆಯೆಂದು ಕಂಡದ್ದು ತುಂಬೀತೇ ಎಂಬ ಅಳತೆಗೋಲನ್ನು ಓದುಗ ಮೊದಲೇ ಕೈಯಲ್ಲಿ ಹಿಡಿದಿರುತ್ತಾನೆ. ಜರ್ಮನಿಯ ವಿದ್ವಾಂಸ ಹಾನ್ಸ್ ರಾಬರ್ಟ್ ಯಾಸ್ ೧೯೬೭ರ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ ಸಾಹಿತ್ಯ ಚರಿತ್ರೆಯ ಚರ್ಚೆಯ ನಡುವಿಗೆ ತಂದ ‘ನಿರೀಕ್ಷೆಯ ದಿಗಂತ’ ಎಂಬ ಪರಿಕಲ್ಪನೆ ಇಂತಹ ಸಂದರ್ಭಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಓದುಗ ಸಮುದಾಯವು ಕೃತಿಯಿಂದ ಏನನ್ನು ಪಡೆದಿದೆ ಎಂಬುದನ್ನು ಅದು ಮುಂದಿನ ಕೃತಿಯಿಂದ ಏನನ್ನು ಬಯಸುತ್ತದೆ ಎಂಬುದರಿಂದ ಅರಿಯಲು ಸಾಧ್ಯ.

ಕನ್ನಡದ ಓದುಗನಿಗೆ ಈ ಅನುಭವ ಹೊಸದೇನಲ್ಲ. ಭಾರತದ ಕಥೆಯನ್ನು ಬಲ್ಲವರೇ ಪಂಪನನ್ನೂ ರನ್ನನನ್ನೂ ಕುಮಾರವ್ಯಾಸನನ್ನೂ ಓದಿದರು. ಯಕ್ಷಗಾನದ ಪ್ರೇಕ್ಷಕ ಪ್ರಸಂಗದ ಕೊನೆಯನ್ನು ತಿಳಿದೇ ರಂಗದ ಮುಂದೆ ಕೂರುತ್ತಾನೆ. ಗೊತ್ತಿರುವ ಕಥೆ ಈ ಸಲ ಹೇಗೆ ಬಂದೀತು ಎಂಬುದೇ ಅಲ್ಲಿಯ ನಿರೀಕ್ಷೆಯ ತಿರುಳು. ಇದೇ ಬಗೆಯ ನಿರೀಕ್ಷೆ ಕಳೆದ ದಶಕದಲ್ಲಿ ಅನಿರೀಕ್ಷಿತವಾದ ಒಂದು ಕ್ಷೇತ್ರದಲ್ಲಿ, ಅಮೆರಿಕದ ಸ್ವತಂತ್ರ ವಿಡಿಯೋ ಆಟಗಳ ಕ್ಷೇತ್ರದಲ್ಲಿ, ತೀವ್ರವಾಗಿ ಕಾಣಿಸಿಕೊಂಡಿತು. ೨೦೧೧ರಲ್ಲಿ ಬಂದ ‘ದಿ ಬೈಂಡಿಂಗ್ ಆಫ್ ಐಸಾಕ್’ ಎಂಬ ಕರಾಳ ವಸ್ತುವಿನ ಆಟವು ‘ರೀಬರ್ತ್’ ಎಂಬ ಹೆಸರಿನಲ್ಲಿ ಮರುರಚನೆಯಾಗಲಿದೆ ಎಂದು ೨೦೧೨ರ ನವೆಂಬರ್‌ನಲ್ಲಿ ಪ್ರಕಟವಾಯಿತು; ೨೦೧೪ರ ನವೆಂಬರ್ ೪ರಂದು ಆ ಆಟ ಬಿಡುಗಡೆಯಾಯಿತು. ನಡುವಿನ ಎರಡು ವರ್ಷಗಳ ಕಾಯುವಿಕೆಯನ್ನೂ ಅದರ ನಂತರ ಮೊದಲ ಆಟಕ್ಕೆ ಒದಗಿದ ಸ್ಥಿತಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಾಹಿತ್ಯದ ಅಧ್ಯಯನಕಾರರಿಗೆ ಮುಖ್ಯವಾಗಬೇಕಾದ ಕೆಲವು ಪ್ರಶ್ನೆಗಳು ಏಳುತ್ತವೆ. ಅವುಗಳಲ್ಲಿ ಒಂದನ್ನು, ಮರುರಚನೆಗೂ ಮೊದಲ ಪಾಠಕ್ಕೂ ಇರುವ ಸಂಬಂಧವನ್ನು, ಈ ಬರಹ ಚರ್ಚಿಸುತ್ತದೆ.

ವಿಡಿಯೋ ಆಟ ಸಾಹಿತ್ಯ ಅಧ್ಯಯನದ ವಸ್ತುವಾಗಬಹುದೇ ಎಂಬ ಆಕ್ಷೇಪ ಇಲ್ಲಿ ಸಹಜವಾಗಿಯೇ ಬರುತ್ತದೆ. ಜಾನೆಟ್ ಮರ್ರೆ ಮತ್ತು ಎಸ್ಪೆನ್ ಆರ್ಸೆತ್ ಅವರು ೧೯೯೭ರಲ್ಲಿ ಪ್ರಕಟಿಸಿದ ಗ್ರಂಥಗಳಿಂದ ಆರಂಭವಾಗಿ, ಆಟವನ್ನು ಕಥನವೆಂದು ಓದಬೇಕೇ, ನಿಯಮಗಳ ವ್ಯವಸ್ಥೆಯೆಂದು ಓದಬೇಕೇ ಎಂಬ ವಾದ ಬಹುಕಾಲ ನಡೆದಿದೆ. ಆ ವಾದವನ್ನು ಇಲ್ಲಿ ಮತ್ತೆ ತೆರೆಯುವ ಅಗತ್ಯವಿಲ್ಲ. ಪ್ರಸ್ತುತ ಆಟದಲ್ಲಿ ನಿಯಮವೇ ಕಥನವನ್ನು ಹೇಳುತ್ತದೆ ಎಂಬುದು ಮುಂದಿನ ವಿವರಗಳಿಂದ ತಿಳಿಯುತ್ತದೆ.

೨

ಈ ಆಟ ಸೇರಿರುವ ಪ್ರಕಾರಕ್ಕೆ ‘ರೋಗ್‌ಲೈಕ್’ ಎಂದು ಹೆಸರು. ೧೯೮೦ರ ಸುಮಾರಿಗೆ ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್ ಮತ್ತು ಕೆನ್ ಆರ್ನಾಲ್ಡ್ ಎಂಬ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ರೂಪಿಸಿದ ‘ರೋಗ್’ ಎಂಬ ಆಟದಿಂದ ಈ ಹೆಸರು ಬಂದಿದೆ. ಇದರ ಲಕ್ಷಣಗಳನ್ನು ಕುರಿತು ೨೦೦೮ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಆಟ ರಚನಕಾರರು ಒಂದು ವ್ಯಾಖ್ಯೆಯನ್ನೇ ಸಿದ್ಧಪಡಿಸಿದರು. ಎರಡು ಲಕ್ಷಣಗಳು ಮುಖ್ಯವಾದವು. ಆಟದ ಕೋಣೆಗಳು, ಶತ್ರುಗಳು, ದೊರೆಯುವ ವಸ್ತುಗಳು ಪ್ರತಿ ಸಲವೂ ಗಣಕದ ಲೆಕ್ಕಾಚಾರದಿಂದ ಬೇರೆ ಬೇರೆಯಾಗಿ ಜೋಡಣೆಗೊಳ್ಳುತ್ತವೆ. ಆದ್ದರಿಂದ ಒಂದು ಆಟದಂತೆ ಇನ್ನೊಂದು ಇರುವುದಿಲ್ಲ. ಎರಡನೆಯದಾಗಿ, ಪಾತ್ರ ಸತ್ತರೆ ಸತ್ತಂತೆಯೇ. ಗಳಿಸಿದುದೆಲ್ಲ ಹೋಗಿ ಆಟವನ್ನು ಮೊದಲಿನಿಂದ ಆರಂಭಿಸಬೇಕು. ಬಹುಪಾಲು ಆಟಗಳಲ್ಲಿ ಸಾವು ಒಂದು ತಾತ್ಕಾಲಿಕ ಅಡ್ಡಿ. ಈ ಪ್ರಕಾರದಲ್ಲಿ ಅದು ರಚನೆಯ ಮೂಲ ತತ್ವ.

‘ದಿ ಬೈಂಡಿಂಗ್ ಆಫ್ ಐಸಾಕ್’ ಆಟದ ಕಲ್ಪನೆ, ಚಿತ್ರ ಮತ್ತು ವಿನ್ಯಾಸ ಎಡ್ಮಂಡ್ ಮೆಕ್‌ಮಿಲನ್ ಅವರದು. ಗಣಕ ಕ್ರಮವಿಧಿ ಫ್ಲೋರಿಯನ್ ಹಿಮ್ಸಲ್ ಅವರದು. ಸಂಗೀತ ಡ್ಯಾನಿ ಬರನೋವ್ಸ್ಕಿ ಅವರದು. ೨೦೧೦ರಲ್ಲಿ ‘ಸೂಪರ್ ಮೀಟ್ ಬಾಯ್’ ಆಟದಿಂದ ಹೆಸರು ಗಳಿಸಿದ್ದ ಮೆಕ್‌ಮಿಲನ್ ಅದರ ಬಳಿಕ, ಗೆಲ್ಲಲೇಬೇಕೆಂಬ ಒತ್ತಡವಿಲ್ಲದ ಒಂದು ಪ್ರಯೋಗವಾಗಿ ಇದನ್ನು ಕೈಗೆತ್ತಿಕೊಂಡರು. ಇದರ ಮೊದಲ ರೂಪ ಸುಮಾರು ಒಂದು ವಾರದ ಬಿಡುವಿನಲ್ಲಿ ಸಿದ್ಧವಾಯಿತು. ಅಂದು ಬಳಕೆಯಲ್ಲಿದ್ದ ‘ಫ್ಲ್ಯಾಶ್’ ಎಂಬ ತಂತ್ರಾಂಶವೇ ಇದರ ತಳಹದಿ. ೨೦೧೧ರ ಸೆಪ್ಟೆಂಬರ್ ೨೮ರಂದು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದ ಆಟವು, ಆಡುವವರು ತಮ್ಮ ಆಟವನ್ನು ದಾಖಲಿಸಿ ಯೂಟ್ಯೂಬ್‌ನಲ್ಲಿ ಹಂಚತೊಡಗಿದ ಮೇಲೆ ನಿರೀಕ್ಷೆ ಮೀರಿ ಹರಡಿತು. ೨೦೧೨ರ ನವೆಂಬರ್ ವೇಳೆಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಇಷ್ಟು ಜನಪ್ರಿಯವಾದ ಆಟದ ವಸ್ತು ಮಾತ್ರ ಜನಪ್ರಿಯತೆಯ ಯಾವ ಸೂತ್ರಕ್ಕೂ ಒಗ್ಗುವಂತಹುದಾಗಿರಲಿಲ್ಲ. ಬೆಟ್ಟದ ಮೇಲಿನ ಸಣ್ಣ ಮನೆಯೊಂದರಲ್ಲಿ ತಾಯಿ ಮತ್ತು ಮಗ ಇದ್ದಾರೆ. ತಾಯಿ ಸದಾ ದೂರದರ್ಶನದ ಧಾರ್ಮಿಕ ಪ್ರಸಾರಗಳನ್ನು ನೋಡುತ್ತಾಳೆ. ಒಂದು ದಿನ ಅವಳಿಗೆ ಮೇಲಿನಿಂದ ದನಿಯೊಂದು ಕೇಳುತ್ತದೆ. ಮಗ ಪಾಪದಿಂದ ಕೆಟ್ಟಿದ್ದಾನೆ ಎಂದು ಅದು ಹೇಳಿದಾಗ ಅವಳು ಅವನ ಆಟಿಕೆಗಳನ್ನೂ ಬಟ್ಟೆಗಳನ್ನೂ ಕಸಿದುಕೊಳ್ಳುತ್ತಾಳೆ. ಲೋಕದಿಂದ ಬೇರ್ಪಡಿಸು ಎಂದಾಗ ಕೋಣೆಯಲ್ಲಿ ಕೂಡಿಹಾಕುತ್ತಾಳೆ. ಕೊನೆಗೆ ಅವನನ್ನು ಬಲಿ ಕೊಡು ಎಂದಾಗ ಅಡುಗೆಮನೆಯ ಕತ್ತಿಯನ್ನು ಎತ್ತಿಕೊಳ್ಳುತ್ತಾಳೆ. ಬಾಗಿಲ ಸಂದಿಯಿಂದ ಇದನ್ನು ಕಂಡ ಹುಡುಗ ನೆಲಹಾಸಿನ ಕೆಳಗಿದ್ದ ಕಿಂಡಿಯನ್ನು ತೆರೆದು ನೆಲಮಾಳಿಗೆಗೆ ಧುಮುಕುತ್ತಾನೆ. ಆಟ ಅಲ್ಲಿಂದ ಮುಂದಕ್ಕೆ.

೩

ಆಟದ ಹೆಸರೇ ಸೂಚಿಸುವಂತೆ ಇದು ಬೈಬಲಿನ ಆದಿಕಾಂಡದ ೨೨ನೆಯ ಅಧ್ಯಾಯದ ಮರುನಿರೂಪಣೆ. ಕನ್ನಡ ಬೈಬಲಿನ ಅಬ್ರಹಾಮ ಮತ್ತು ಇಸಾಕರ ಕಥೆ ಅದು. ದೇವರ ಆಜ್ಞೆಯಂತೆ ಮಗನನ್ನು ಕಟ್ಟಿ ಬಲಿಪೀಠದ ಮೇಲೆ ಮಲಗಿಸಿದ ತಂದೆಯ ಕೈಯನ್ನು ಕೊನೆಯ ಗಳಿಗೆಯಲ್ಲಿ ದೇವದೂತ ತಡೆಯುತ್ತಾನೆ. ಮಗನ ಬದಲು ಟಗರು ಬಲಿಯಾಗುತ್ತದೆ. ಯಹೂದಿ ಪರಂಪರೆ ಇದನ್ನು ‘ಕಟ್ಟುವಿಕೆ’ ಎಂಬ ಹೆಸರಿನಿಂದಲೇ ಕರೆಯುತ್ತದೆ. ಡೆನ್ಮಾರ್ಕಿನ ಕಿಯರ್ಕೆಗಾರ್ಡ್ ೧೮೪೩ರಲ್ಲಿ ಈ ಪ್ರಸಂಗವನ್ನೇ ಹಿಡಿದು ಶ್ರದ್ಧೆ ಮತ್ತು ನೀತಿಗಳ ಸಂಘರ್ಷವನ್ನು ಚರ್ಚಿಸಿದ. ಈ ದೀರ್ಘ ವ್ಯಾಖ್ಯಾನ ಪರಂಪರೆಯಲ್ಲಿ ಅಬ್ರಹಾಮನ ಶ್ರದ್ಧೆ, ಅಬ್ರಹಾಮನ ಪರೀಕ್ಷೆ, ಅಬ್ರಹಾಮನ ಮೌನ ಇವೇ ಬಹುಮಟ್ಟಿಗೆ ಕೇಂದ್ರದಲ್ಲಿವೆ. ಆ ಅಧ್ಯಾಯದಲ್ಲಿ ಇಸಾಕನಿಗೆ ದೊರೆತಿರುವುದು ಒಂದೇ ಸಂದರ್ಭದ ಮಾತು. ಬೆಂಕಿ ಮತ್ತು ಕಟ್ಟಿಗೆ ಇವೆ, ಬಲಿಯ ಕುರಿ ಎಲ್ಲಿ ಎಂದು ತಂದೆಯನ್ನು ಕೇಳುವುದು. ಕಟ್ಟಿಹಾಕಿದ ಮೇಲೆ ಅವನೇನು ಹೇಳಿದ ಎಂಬುದಿಲ್ಲ.

ವೀರಶೈವ ಪುರಾಣಗಳ ಮೂಲಕ ಕನ್ನಡಕ್ಕೆ ಚಿರಪರಿಚಿತವಾದ ಸಿರಿಯಾಳ ಮತ್ತು ಚಂಗಳೆಯರ ಕಥೆಯನ್ನು ಇದರ ಪಕ್ಕದಲ್ಲಿ ನೆನೆಯಬಹುದು. ಅತಿಥಿಯಾಗಿ ಬಂದ ಶಿವನ ಬಯಕೆಯಂತೆ ಮಗ ಚೀಲಾಳನನ್ನು ಕೊಂದು ಉಣಬಡಿಸುವ ದಂಪತಿಗಳ ಭಕ್ತಿ ಅಲ್ಲಿಯ ವಸ್ತು. ಅಲ್ಲಿಯೂ ಮಗು ಕೊನೆಗೆ ಮರಳಿ ಬರುತ್ತದೆ. ಅಲ್ಲಿಯೂ ಬಹುಪಾಲು ನಿರೂಪಣೆಗಳ ಕಣ್ಣು ತಂದೆತಾಯಿಯರ ಭಕ್ತಿಯ ಮೇಲಿದೆ. ಮಗುವಿನ ಭಯ ಕಥನದ ಕೇಂದ್ರವಾಗುವುದಿಲ್ಲ. ಎರಡು ದೂರದ ಪರಂಪರೆಗಳು ಈ ವಿಷಯದಲ್ಲಿ ಒಂದೇ ಬಗೆಯ ಮೌನವನ್ನು ಪಾಲಿಸಿವೆ.

ಮೆಕ್‌ಮಿಲನ್ ಅವರ ಆಟ ಈ ಮೌನದ ಜಾಗದಲ್ಲಿ ನಿಲ್ಲುತ್ತದೆ. ಇಲ್ಲಿ ಇಸಾಕನ ಬಳಿ ಇರುವ ಏಕೈಕ ಆಯುಧ ಅವನ ಕಣ್ಣೀರು. ಬೆತ್ತಲೆಯಾದ ಪುಟ್ಟ ಹುಡುಗ ಅಳುತ್ತ ಅಳುತ್ತ, ಆ ಕಣ್ಣೀರಿನ ಹನಿಗಳನ್ನೇ ಶತ್ರುಗಳ ಮೇಲೆ ಎಸೆಯುತ್ತ ಕೋಣೆಯಿಂದ ಕೋಣೆಗೆ ಸಾಗುತ್ತಾನೆ. ದಾರಿಯಲ್ಲಿ ದೊರೆಯುವ ವಸ್ತುಗಳು ಅವನ ಶಕ್ತಿಯನ್ನು ಹೆಚ್ಚಿಸುತ್ತವೆ. ಆ ವಸ್ತುಗಳಾದರೂ ಎಂತಹವು? ಮರದ ಸೌಟು ಮತ್ತು ಸೊಂಟಪಟ್ಟಿ ಅವನ ಓಟದ ವೇಗವನ್ನು ಹೆಚ್ಚಿಸುತ್ತವೆ. ಜೊತೆಗೆ ಅವನ ಮೈಮೇಲೆ ಏಟಿನ ಗುರುತುಗಳು ಮೂಡುತ್ತವೆ. ಮಗು ಏಕೆ ವೇಗವಾಗಿ ಓಡುತ್ತದೆ ಎಂಬುದನ್ನು ಆಟ ಎಲ್ಲಿಯೂ ಮಾತಿನಲ್ಲಿ ಹೇಳುವುದಿಲ್ಲ, ನಿಯಮವೇ ಹೇಳುತ್ತದೆ. ಸೈತಾನನ ಕೋಣೆಯಲ್ಲಿ ಶಕ್ತಿಯನ್ನು ಕೊಳ್ಳಬೇಕಾದರೆ ಹಣದ ಬದಲು ಆಯುಸ್ಸಿನ ಪಾಲನ್ನೇ ಕೊಡಬೇಕು. ಬೈಬಲ್ ಎಂಬ ವಸ್ತುವನ್ನು ತಾಯಿಯ ಎದುರು ಬಳಸಿದರೆ ಅವಳು ಒಡನೆಯೇ ಸಾಯುತ್ತಾಳೆ. ಅದನ್ನೇ ಸೈತಾನನ ಎದುರು ಬಳಸಿದರೆ ಸಾಯುವವನು ಹುಡುಗನೇ. ಧರ್ಮಗ್ರಂಥ ಯಾರ ಕೈಯಲ್ಲಿ ಯಾರ ವಿರುದ್ಧ ಆಯುಧವಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಅಡಕವಾದ ನಿರೂಪಣೆ ಕಷ್ಟ.

ಇಳಿಯುವ ಹಾದಿಯೂ ಅರ್ಥಪೂರ್ಣವಾಗಿದೆ. ನೆಲಮಾಳಿಗೆ, ಗುಹೆಗಳು, ಇನ್ನೂ ಆಳದ ಅಂಕಣಗಳು, ಅವುಗಳ ಕೆಳಗೆ ತಾಯಿಯ ಗರ್ಭ. ತಾಯಿಯಿಂದ ಓಡಿಹೋದ ಮಗು ಇಳಿದು ಇಳಿದು ತಾಯಿಯ ಒಳಗನ್ನೇ ತಲುಪುತ್ತದೆ. ಮಗ್ದಲದ ಮರಿಯ, ಕಾಯಿನ, ಯೂದ, ಹವ್ವ ಎಂಬ ಬೇರೆ ಪಾತ್ರಗಳಾಗಿಯೂ ಆಡಬಹುದು. ಆದರೆ ಅವರೆಲ್ಲ ಕೃತಕ ಕೂದಲು, ಕಣ್ಣುಪಟ್ಟಿ ತೊಟ್ಟ ಅದೇ ಹುಡುಗನಂತೆ ಕಾಣುತ್ತಾರೆ. ಸತ್ತಾಗ ತೆರೆಯ ಮೇಲೆ ಮೂಡುವುದು ಅವನು ಬರೆದಿಟ್ಟ ಉಯಿಲಿನ ಹಾಳೆ. ತನ್ನದೆಲ್ಲವನ್ನೂ ಅವನು ತನ್ನ ಬೆಕ್ಕಿಗೆ ಬಿಟ್ಟುಕೊಟ್ಟಿರುತ್ತಾನೆ. ಮೆಕ್‌ಮಿಲನ್ ಕ್ಯಾಥೊಲಿಕರೂ ಪುನರ್ಜನ್ಮ ಪಂಥದ ಕ್ರೈಸ್ತರೂ ಇದ್ದ ಕುಟುಂಬದಲ್ಲಿ ಬೆಳೆದವರು. ಆ ಧರ್ಮದ ಕಲ್ಪನಾಸಮೃದ್ಧಿ ತಮ್ಮನ್ನು ಸೆಳೆದುದನ್ನೂ ಅದರ ಖಂಡನೆ ತಮ್ಮನ್ನು ನೋಯಿಸಿದುದನ್ನೂ ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆಟದಲ್ಲಿ ಈ ಎರಡೂ ಇವೆ. ಆದ್ದರಿಂದ ಇದನ್ನು ಕೇವಲ ಧರ್ಮನಿಂದೆಯೆಂದು ತಳ್ಳಿಹಾಕುವುದು ಅವಸರದ ಓದು.

೪

ಇಂತಹ ಆಟದ ಮರುರಚನೆಗೆ ಜನ ಏಕೆ ಕಾದರು? ಮೇಲ್ನೋಟದ ಕಾರಣಗಳು ತಾಂತ್ರಿಕವಾದವು. ಫ್ಲ್ಯಾಶ್ ತಂತ್ರಾಂಶ ಇಷ್ಟು ದೊಡ್ಡ ಆಟವನ್ನು ಹೊರುವುದಕ್ಕಾಗಿ ರೂಪಿತವಾದುದಲ್ಲ. ತೆರೆಯ ಮೇಲೆ ಶತ್ರುಗಳು ಹೆಚ್ಚಾದಂತೆ ಆಟ ಕುಂಟುತ್ತಿತ್ತು. ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸುವ ಸೌಲಭ್ಯವಿರಲಿಲ್ಲ. ಕೈಯಲ್ಲಿ ಹಿಡಿದು ಆಡುವ ನಿಯಂತ್ರಕವನ್ನು ಬಳಸಲು ಬೇರೊಂದು ತಂತ್ರಾಂಶದ ನೆರವು ಬೇಕಿತ್ತು. ೨೦೧೨ರ ಮೇ ತಿಂಗಳಲ್ಲಿ ‘ರಾತ್ ಆಫ್ ದಿ ಲ್ಯಾಂಬ್’ ಎಂಬ ವಿಸ್ತರಣೆ ಬಂದ ಮೇಲೆ ಫ್ಲ್ಯಾಶ್‌ನ ಮಿತಿ ಮುಟ್ಟಿತು. ಇನ್ನೇನನ್ನೂ ಸೇರಿಸಲು ಸಾಧ್ಯವಿರಲಿಲ್ಲ. ನಿಕಾಲಿಸ್ ಸಂಸ್ಥೆ ಎಲ್ಲವನ್ನೂ ಹೊಸ ತಳಹದಿಯ ಮೇಲೆ ಮತ್ತೆ ಕಟ್ಟಲು ಮುಂದೆ ಬಂದುದು ಈ ಹಿನ್ನೆಲೆಯಲ್ಲಿ.

ಆದರೆ ನಿರೀಕ್ಷೆಯ ಹಿಂದೆ ಇನ್ನೊಂದು ಸಂಗತಿಯೂ ಇತ್ತು. ೨೦೧೨ರ ಆರಂಭದಲ್ಲಿ ಈ ಆಟವನ್ನು ತನ್ನ ಕೈಯಾಟದ ಯಂತ್ರಕ್ಕೆ ತರುವ ಪ್ರಸ್ತಾಪವನ್ನು ಜಪಾನಿನ ನಿಂಟೆಂಡೊ ಸಂಸ್ಥೆ, ಧಾರ್ಮಿಕ ವಸ್ತು ಆಕ್ಷೇಪಾರ್ಹವೆಂಬ ಕಾರಣ ನೀಡಿ ನಿರಾಕರಿಸಿತ್ತು. ಹೀಗಾಗಿ ದೊಡ್ಡ ವೇದಿಕೆಗಳನ್ನು ಗುರಿಯಾಗಿಟ್ಟುಕೊಂಡ ಮರುರಚನೆ ಎಂದೊಡನೆ ಒಂದು ಶಂಕೆ ಹುಟ್ಟಿತು. ಹೊಸ ಆಟ ತನ್ನ ಕತ್ತಲೆಯನ್ನು ತಿಳಿಗೊಳಿಸಿಕೊಂಡು ಬಂದೀತೇ? ಮಗುವಿನ ಮೈಮೇಲಿನ ಏಟಿನ ಗುರುತುಗಳು ಉಳಿದಾವೇ? ಇದರೊಂದಿಗೆ ರೂಪಕ್ಕೆ ಸಂಬಂಧಿಸಿದ ಶಂಕೆಯೂ ಇತ್ತು. ಮೊದಲ ಆಟದ ಚಿತ್ರಗಳಿಗೆ ದಪ್ಪ ಗೆರೆಗಳ, ಕೈಯಿಂದಲೇ ಗೀಚಿದಂತಹ ಒರಟುತನವಿತ್ತು. ಕಥೆಯೇ ಹುಡುಗ ಬರೆದ ಚಿತ್ರಗಳ ಮೂಲಕ ನಿರೂಪಿತವಾಗುವುದರಿಂದ ಆ ಒರಟುತನ ವಸ್ತುವಿನ ಭಾಗವೇ ಆಗಿತ್ತು. ಹೊಸ ಆಟ ಹಳೆಯ ಗೃಹಯಂತ್ರಗಳ ಆಟಗಳನ್ನು ನೆನಪಿಸುವ ಚುಕ್ಕಿ ಚಿತ್ರಗಳನ್ನು ಆಯ್ದುಕೊಂಡಿತು. ಬರನೋವ್ಸ್ಕಿ ಅವರ ಸಂಗೀತದ ಜಾಗಕ್ಕೆ ರಿಡಿಕ್ಯುಲನ್ ಎಂಬ ಜೋಡಿಯ ಸಂಗೀತ ಬಂದಿತು. ಮೊದಲ ಆಟವನ್ನು ಪ್ರೀತಿಸಿದ ಹಲವರಿಗೆ ಇವೆರಡೂ ನಷ್ಟವಾಗಿಯೇ ಕಂಡವು.

ಇಲ್ಲಿ ಗಮನಿಸಬೇಕಾದುದು ಈ ಚರ್ಚೆಯ ಗುಣ. ಎರಡು ವರ್ಷಗಳ ಕಾಲ ಆಟಗಾರ ಸಮುದಾಯ ಇನ್ನೂ ಇಲ್ಲದ ಕೃತಿಯೊಂದನ್ನು ಮುಂದಿಟ್ಟುಕೊಂಡು, ಇದ್ದ ಕೃತಿಯ ಸತ್ವವೇನು ಎಂದು ವಿಂಗಡಿಸುವ ಕೆಲಸವನ್ನು ಮಾಡಿತು. ಯಾವುದು ತಾಂತ್ರಿಕ ದೋಷ, ಯಾವುದು ಶೈಲಿ? ಯಾವುದು ಬಿಡಬಹುದಾದದ್ದು, ಯಾವುದು ಬಿಡಲಾಗದ್ದು? ಆಟ ನಿಧಾನವಾಗುವುದು ದೋಷವೆಂಬುದರಲ್ಲಿ ಒಮ್ಮತವಿತ್ತು. ಗೆರೆಯ ಒರಟುತನ ದೋಷವೇ ಎಂಬಲ್ಲಿ ಒಮ್ಮತವಿರಲಿಲ್ಲ. ವಿಮರ್ಶೆ ಎಂದು ತನ್ನನ್ನು ಕರೆದುಕೊಳ್ಳದ ವಿಮರ್ಶೆ ಇದು. ನಿರೀಕ್ಷೆ ಓದಿನ ಒಂದು ವಿಧಾನ ಎಂಬ ಮಾತಿಗೆ ಈ ಕಾಲಾವಧಿ ಒಳ್ಳೆಯ ನಿದರ್ಶನವಾಗಿದೆ.

೫

ಬಂದ ಆಟ ಕತ್ತಲೆಯನ್ನು ತಿಳಿಗೊಳಿಸಿಕೊಂಡಿರಲಿಲ್ಲ. ವಸ್ತುಗಳೂ ಶತ್ರುಗಳೂ ಅಂತ್ಯಗಳೂ ಹೆಚ್ಚಿದ್ದವು. ಆಟ ಸರಾಗವಾಗಿ ಸಾಗುತ್ತಿತ್ತು. ಮಗುವಿನ ದುಃಖ ಹಾಗೆಯೇ ಇತ್ತು. ೨೦೧೫ರ ಜುಲೈನಲ್ಲಿ, ಹಿಂದೆ ನಿರಾಕರಿಸಿದ್ದ ನಿಂಟೆಂಡೊ ಯಂತ್ರಗಳಿಗೂ ಅದು ತಲುಪಿತು. ಆ ವೇಳೆಗೆ ಎರಡೂ ಆಟಗಳು ಸೇರಿ ಐವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಕೃತಿಯನ್ನು ಬದಲಿಸದೆ ಸ್ವೀಕಾರದ ವಾತಾವರಣ ಬದಲಾದ ಅಪರೂಪದ ಪ್ರಸಂಗವಿದು.

ಆದರೆ ಮರುರಚನೆಯ ಸಮರ್ಥನೆ ಇಷ್ಟಕ್ಕೇ ಮುಗಿಯಬಾರದು. ಅದರ ಆಳವಾದ ಕಾರಣ ಈ ಪ್ರಕಾರದ ಒಳಗೇ ಇದೆ. ಪ್ರತಿ ಸಲ ಸತ್ತು ಮೊದಲಿನಿಂದ ಆರಂಭಿಸುವುದೆಂದರೆ, ಪ್ರತಿ ಸಲ ಅದೇ ಕಥೆಯನ್ನು ಬೇರೆ ವಿವರಗಳೊಂದಿಗೆ ಮತ್ತೆ ಹೇಳುವುದು. ಆಟಗಾರ ಕಾಯುವುದೂ ಅದಕ್ಕಾಗಿಯೇ; ಈ ಸಲವಾದರೂ ಕೊನೆ ಬೇರೆಯಾದೀತು ಎಂದು. ಮೊದಲ ಆಟದಲ್ಲಿಯೇ ಇದರ ಸೂಚನೆ ಇದೆ. ಒಂದು ಅಂತ್ಯದಲ್ಲಿ ತಾಯಿ ಕತ್ತಿ ಎತ್ತಿದಾಗ ಕಪಾಟಿನಿಂದ ಬೈಬಲ್ ಬಿದ್ದು ಅವಳು ಸಾಯುತ್ತಾಳೆ. ಮರುಗಳಿಗೆಯಲ್ಲಿ ಅದು ಹುಡುಗ ಬರೆಯುತ್ತಿದ್ದ ಚಿತ್ರವೆಂದು ತಿಳಿಯುತ್ತದೆ. ಬೈಬಲಿನ ದೇವದೂತನ ಜಾಗದಲ್ಲಿ ಬೈಬಲನ್ನೇ ಇಟ್ಟು ತನ್ನನ್ನು ತಾನು ಉಳಿಸಿಕೊಳ್ಳಲು ಮಗು ಕಟ್ಟಿದ ಕಥೆ ಅದು. ಮರುರಚನೆಯಲ್ಲಿಯೂ ಅದರ ವಿಸ್ತರಣೆಗಳಲ್ಲಿಯೂ ಬರುವ ಅಂತ್ಯಗಳು ಇನ್ನೊಂದು ಅರಿವಿನ ಕಡೆಗೆ ಒಯ್ಯುತ್ತವೆ. ಹುಡುಗ ಆಟಿಕೆಗಳ ಪೆಟ್ಟಿಗೆಯೊಳಗೆ ಅಡಗಿ ಮುಚ್ಚಳ ಹಾಕಿಕೊಂಡಿದ್ದಾನೆ. ನೆಲಮಾಳಿಗೆಯ ಪಯಣವೆಲ್ಲ ಉಸಿರು ಕಟ್ಟುತ್ತಿರುವ ಮಗುವಿನ ಕಲ್ಪನೆ ಎಂಬ ಓದಿಗೆ ಅವು ಎಡೆಮಾಡಿಕೊಡುತ್ತವೆ.

೨೦೨೧ರ ಮಾರ್ಚ್ ೩೧ರಂದು ಬಂದ ‘ರಿಪೆಂಟೆನ್ಸ್’ ಎಂಬ ವಿಸ್ತರಣೆ ಈ ಎಳೆಯನ್ನು ಪೂರ್ಣಗೊಳಿಸಿತು. ಅಲ್ಲಿ ಹುಡುಗ ಇಳಿದ ಮೆಟ್ಟಿಲುಗಳನ್ನು ಮತ್ತೆ ಹತ್ತುತ್ತಾನೆ. ಹತ್ತುವಾಗ ತಂದೆತಾಯಿಯರ ಹಳೆಯ ಜಗಳಗಳು ಕೇಳಿಸುತ್ತವೆ. ಕೊನೆಯಲ್ಲಿ, ಇದುವರೆಗೆ ಕಥೆ ಹೇಳುತ್ತಿದ್ದ ದನಿ ತಂದೆಯದೆಂದು ಗೊತ್ತಾಗುತ್ತದೆ. ಕಥೆ ಹೀಗೆಯೇ ಮುಗಿಯಬೇಕೆ ಎಂದು ಅವನು ಮಗನನ್ನು ಕೇಳುತ್ತಾನೆ. ಬರೆಯುತ್ತಿರುವವನು ನೀನೇ, ಬೇರೆ ಬಗೆಯಲ್ಲಿಯೂ ಮುಗಿಸಬಹುದು ಎಂಬ ಅರ್ಥದ ಮಾತನ್ನಾಡಿ, ಬೆಟ್ಟದ ಮೇಲಿನ ಆ ಸಣ್ಣ ಮನೆಯಿಂದ ಕಥೆಯನ್ನು ಮತ್ತೆ ಆರಂಭಿಸುತ್ತಾನೆ. ೨೦೧೧ರ ಆಟದ ಮೊದಲ ವಾಕ್ಯದಲ್ಲಿ ಆ ಮನೆಯಲ್ಲಿ ತಾಯಿ ಮತ್ತು ಮಗ ಇಬ್ಬರೇ ಇದ್ದರು. ಇಲ್ಲಿ ತಂದೆಯೂ ಸೇರಿಕೊಂಡಿದ್ದಾನೆ. ಹತ್ತು ವರ್ಷಗಳ ಅಂತರದಲ್ಲಿ ಒಂದು ವಾಕ್ಯ ಬದಲಾಯಿತು. ಈ ಬದಲಾವಣೆಯಲ್ಲಿ ಆಟದ ಒಟ್ಟು ಅರ್ಥ ನಿಂತಿದೆ. ಮರುರಚನೆಯಿಲ್ಲದೆ ಈ ವಾಕ್ಯ ಸಾಧ್ಯವಿರಲಿಲ್ಲ. ಮೊದಲ ವಾಕ್ಯವನ್ನು ಬಲ್ಲವರಿಗಲ್ಲದೆ ಇದರ ತೂಕ ತಿಳಿಯುವುದೂ ಇಲ್ಲ.

ಗ್ರಂಥಸಂಪಾದನೆಯ ದೃಷ್ಟಿಯಿಂದ ‘ರಿಪೆಂಟೆನ್ಸ್’ ಇನ್ನೊಂದು ಕಾರಣಕ್ಕೂ ಮುಖ್ಯವಾಗಿದೆ. ಅದರ ಬಹುಭಾಗ, ೨೦೧೬ರ ಡಿಸೆಂಬರ್‌ನಲ್ಲಿ ಅಭಿಮಾನಿಗಳೇ ರಚಿಸಿ ಉಚಿತವಾಗಿ ಹಂಚಿದ ‘ಆ್ಯಂಟಿಬರ್ತ್’ ಎಂಬ ಸೇರ್ಪಡೆಯಿಂದ ಬಂದಿದೆ. ಹಸ್ತಪ್ರತಿಗಳ ಭಾಷೆಯಲ್ಲಿ ಹೇಳುವುದಾದರೆ ಅದು ಪ್ರಕ್ಷಿಪ್ತ. ಮೂಲಕರ್ತೃ ಅದನ್ನು ಹೊರಗಿಡುವ ಬದಲು ಅದರ ರಚನಕಾರರನ್ನೇ ಕರೆದು ಅಧಿಕೃತ ಪಾಠದೊಳಗೆ ಸೇರಿಸಿಕೊಂಡರು. ಕವಿಯ ಪಾಠ ಯಾವುದು, ಪರಂಪರೆಯ ಪಾಠ ಯಾವುದು ಎಂದು ಶತಮಾನಗಳ ನಂತರ ಹಸ್ತಪ್ರತಿಗಳನ್ನು ತೌಲನಿಕವಾಗಿ ನೋಡುವ ವಿದ್ವಾಂಸನಿಗೆ, ಕರ್ತೃವಿನ ಕಣ್ಣೆದುರೇ ಪ್ರಕ್ಷಿಪ್ತವು ಮೂಲವಾಗುವ ಈ ಪ್ರಕ್ರಿಯೆ ಕುತೂಹಲಕರವಾಗಬೇಕು.

೬

ಇಷ್ಟಾದ ಮೇಲೂ ಒಂದು ಬಿಕ್ಕಟ್ಟು ಉಳಿಯುತ್ತದೆ. ಇಂದು ‘ಐಸಾಕ್’ ಎಂದರೆ ಹೆಚ್ಚಿನವರ ಮನಸ್ಸಿನಲ್ಲಿ ಬರುವುದು ೨೦೧೪ರ ಆಟ ಮತ್ತು ಅದರ ವಿಸ್ತರಣೆಗಳು. ೨೦೧೧ರ ಆಟ ಒಂದು ಕರಡಿನ ಸ್ಥಾನಕ್ಕೆ ಇಳಿದಿದೆ. ಅದು ನಿಂತಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಅಡೋಬಿ ಸಂಸ್ಥೆ ನೀಡುತ್ತಿದ್ದ ಬೆಂಬಲ ೨೦೨೦ರ ಡಿಸೆಂಬರ್ ೩೧ರಂದು ಕೊನೆಗೊಂಡಿತು. ೨೦೨೧ರ ಜನವರಿ ೧೨ರಿಂದ ಆ ಸಂಸ್ಥೆಯ ಫ್ಲ್ಯಾಶ್ ಪ್ಲೇಯರ್‌ನಲ್ಲಿ ಕೃತಿಗಳು ತೆರೆಯದಂತೆ ತಡೆಯಲಾಯಿತು. ಐಸಾಕ್ ಸ್ವತಂತ್ರ ಕಡತವಾಗಿ ಮಾರಾಟವಾದುದರಿಂದ ಉಳಿಯಿತು. ಜಾಲಪುಟಗಳಲ್ಲಿ ಮಾತ್ರ ಇದ್ದ ಅದೇ ಕಾಲದ ಅಸಂಖ್ಯ ಕೃತಿಗಳು, ಫ್ಲ್ಯಾಶ್‌ಪಾಯಿಂಟ್‌ನಂತಹ ಹವ್ಯಾಸಿ ಸಂರಕ್ಷಣಾ ಯೋಜನೆಗಳೂ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯೂ ಎತ್ತಿಟ್ಟುಕೊಳ್ಳದಿದ್ದರೆ, ಓದಲಾರದ ಲಿಪಿಯಂತೆ ಆಗುತ್ತಿದ್ದವು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ ೮೭ರಷ್ಟು ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. ಮರುರಚನೆಯೇ ಮೊದಲ ಪಾಠವನ್ನು ಹೊರದೂಡುವುದೂ ಉಂಟು. ೨೦೨೧ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಸರಣಿಯ ಮೂರು ಆಟಗಳ ಮರುರೂಪ ಬರುವ ಮುನ್ನ ಹಳೆಯ ರೂಪಗಳನ್ನು ಮಾರಾಟದಿಂದ ಹಿಂತೆಗೆಯಲಾಯಿತು. ತೀವ್ರ ವಿರೋಧ ಬಂದ ಮೇಲಷ್ಟೇ ಅವುಗಳನ್ನು ಮರಳಿ ಒದಗಿಸುವ ಮಾತು ಬಂದಿತು.

ಹೊಸದು ಬಂದ ಮೇಲೆ ಹಳೆಯದೇಕೆ ಎಂಬ ವಾದ ಮಾರುಕಟ್ಟೆಯ ವಾದ. ಅದಕ್ಕೆ ಉತ್ತರ ಕನ್ನಡದ ಪರಂಪರೆಯಲ್ಲಿಯೇ ಇದೆ. ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂಬ ನಾಲ್ವರು ಒಬ್ಬರಾದ ಮೇಲೊಬ್ಬರು ಸಂಯೋಜಿಸಿದರು. ಕೊನೆಯದು ಹೆಚ್ಚು ಪ್ರಚಾರಕ್ಕೆ ಬಂದಿತೆಂಬ ಕಾರಣಕ್ಕೆ ಮೊದಲಿನವನ್ನು ಯಾವ ಸಂಶೋಧಕನೂ ಕೈಬಿಟ್ಟಿಲ್ಲ. ನಾಲ್ಕನ್ನೂ ಎದುರಿಗಿಟ್ಟುಕೊಂಡಾಗಲೇ ಪ್ರತಿಯೊಬ್ಬ ಸಂಪಾದಕನ ನಿಲುವು ಸ್ಪಷ್ಟವಾಗುತ್ತದೆ. ಡಿ.ಎಲ್. ನರಸಿಂಹಾಚಾರ್ಯರಂತಹ ವಿದ್ವಾಂಸರು ಶಾಸ್ತ್ರವಾಗಿ ಬೆಳೆಸಿದ ಗ್ರಂಥಸಂಪಾದನೆಯ ಶಿಸ್ತು ಹೇಳಿಕೊಟ್ಟದ್ದೂ ಇದನ್ನೇ. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಾದರೂ ಉಳಿಸಬೇಕು. ಸಂಪಾದಕನಿಗೆ ಆಯ್ಕೆಯ ಹಕ್ಕಿದೆ, ಅಳಿಸುವ ಹಕ್ಕಿಲ್ಲ.

ಈ ಶಿಸ್ತನ್ನು ಓಲೆಗರಿ ಮತ್ತು ಕಾಗದಗಳಿಗೆ ಮಾತ್ರ ಮೀಸಲಿಡುವ ಕಾಲ ಮುಗಿದಿದೆ. ಫ್ಲ್ಯಾಶ್‌ಗೆ ಒದಗಿದ ಗತಿ ಅಮೆರಿಕದ ಆಟಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕನ್ನಡದ ಸಂಶೋಧನ ಪ್ರಬಂಧಗಳು, ಲೇಖನಗಳು, ಕ್ಷೇತ್ರಕಾರ್ಯದ ದಾಖಲೆಗಳು ಅದೇ ಸ್ಥಿತಿಯಲ್ಲಿವೆ. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಪರಿವರ್ತಿಸಿದಾಗ ಒತ್ತಕ್ಷರಗಳೂ ಚಿಹ್ನೆಗಳೂ ಜಾರು ತಪ್ಪುತ್ತವೆ. ಪರಿವರ್ತಿತ ಪ್ರತಿ ಸಿಕ್ಕ ಮೇಲೆ ಮೂಲ ಕಡತವನ್ನು ಅಳಿಸುವುದೂ ನಡೆಯುತ್ತದೆ. ನೂರು ವರ್ಷಗಳ ಹಿಂದಿನ ಲಿಪಿಕಾರನ ಸ್ಖಾಲಿತ್ಯವನ್ನು ಗುರುತಿಸಬಲ್ಲ ವಿಭಾಗಗಳು ಇಪ್ಪತ್ತು ವರ್ಷಗಳ ಹಿಂದಿನ ತಮ್ಮದೇ ಕಡತಗಳ ಪಾಠವನ್ನು ಕಳೆದುಕೊಳ್ಳುವುದು ವಿಪರ್ಯಾಸ.

ಆದ್ದರಿಂದ ಮರುರಚನೆಯ ನಿರೀಕ್ಷೆಯನ್ನು ಕುರಿತು ತಳೆಯಬೇಕಾದ ನಿಲುವು ಇದು. ಮರುರಚನೆಗೆ ಕಾಯುವುದು ತಪ್ಪಲ್ಲ. ಅದು ಕೃತಿಯೊಂದು ಇನ್ನೂ ಜೀವಂತವಾಗಿರುವುದರ ಲಕ್ಷಣ; ಇಸಾಕನ ಪ್ರಸಂಗದಲ್ಲಿ, ಶತಮಾನಗಳಿಂದ ಮಾತಿಲ್ಲದೆ ಮಲಗಿದ್ದ ಮಗುವಿಗೆ ಮತ್ತೊಮ್ಮೆ ಕಥೆ ಹೇಳುವ ಅವಕಾಶ. ಆದರೆ ಮೊದಲ ಸಲ ಆ ಮಗು ಅಳುತ್ತ ಗೀಚಿದ ಒರಟು ಚಿತ್ರಗಳು ಎಲ್ಲಿಯಾದರೂ ಉಳಿದಿದ್ದರೆ ಮಾತ್ರ, ಎರಡನೆಯ ಸಲ ಅದು ಏನನ್ನು ಬದಲಿಸಿತು, ಏಕೆ ಬದಲಿಸಿತು ಎಂದು ಕೇಳಲು ಸಾಧ್ಯ. ಹೊಸ ಪಾಠಕ್ಕೆ ಕಾಯುವವರೇ ಹಳೆಯ ಪಾಠದ ಕಾವಲನ್ನೂ ವಹಿಸಿಕೊಳ್ಳಬೇಕಾಗಿದೆ. ಆ ಕಾವಲಿಗೆ ಬೇಕಾದ ಶಾಸ್ತ್ರ ಕನ್ನಡ ವಿಭಾಗಗಳಲ್ಲಿ ಈಗಾಗಲೇ ಇದೆ. ಅದನ್ನು ಹೊಸ ಆಕರಗಳ ಕಡೆಗೆ ತಿರುಗಿಸುವ ಕೆಲಸ ಆರಂಭವಾಗಬೇಕು.